ವಯಸ್ಕರ ಭಾಷಾಭ್ಯಾಸ

ಮಗುವಿಗೆ ಮಾತು ಕಲಿಸುವವರಾರೂ "ನಿನಗೆ ಈ ಭಾಷೆ ಏತಕ್ಕೆ ಬೇಕು?" ಎಂದು ಅದನ್ನು ಕೇಳುವುದಿಲ್ಲ, ಕೇಳಬೇಕಾದುದೂ ಇಲ್ಲ. ಆದರೆ ಮೂವತ್ತು ದಾಟಿದವರೊಬ್ಬರು ಬೆಂಗಳೂರಿಗೋ ಮೈಸೂರಿಗೋ ಬಂದು ಕನ್ನಡ ಕಲಿಯಲು ಕುಳಿತರೆಂದರೆ, ಅವರನ್ನು ಮೊದಲು ಕೇಳತಕ್ಕ ಪ್ರಶ್ನೆಯೇ ಇದು. ಇದನ್ನು ಕೇಳದೆ ಎಲ್ಲರ ಮುಂದೆಯೂ ಒಂದೇ ಕಾಗುಣಿತದ ಪುಸ್ತಕವನ್ನಿಟ್ಟು, ಕೆಲವು ವಾರಗಳಲ್ಲಿ ಬೆಂಚುಗಳು ಬರಿದಾದಾಗ ಬಂದವರಿಗೆ ಶ್ರದ್ಧೆಯಿಲ್ಲವೆಂದು ಗೊಣಗುವುದು ನ್ಯಾಯವಲ್ಲ.

ಕೇರಳದಿಂದ ಬಂದು ನಮ್ಮ ಆಸ್ಪತ್ರೆಗಳಲ್ಲಿ ಶುಶ್ರೂಷೆ ಮಾಡುತ್ತಿರುವ ದಾದಿಯರನ್ನೇ ತೆಗೆದುಕೊಳ್ಳೋಣ. ಮೊದಲ ತಿಂಗಳಲ್ಲಿ ಇವರಿಗೆ ಬೇಕಾದುದು ಋತುಗಳ ಹೆಸರಲ್ಲ, ಸಂಧಿಯ ಸೂತ್ರವೂ ಅಲ್ಲ. ನಡುರಾತ್ರಿಯಲ್ಲಿ ಹಳ್ಳಿಯ ಮುದುಕರೊಬ್ಬರು "ಎದೆ ಉರಿಯುತ್ತದೆ" ಎಂದರೆ ಒಂದು, "ಎದೆ ಹಿಡಿದ ಹಾಗಿದೆ" ಎಂದರೆ ಇನ್ನೊಂದು. ಹೊಟ್ಟೆ ತೊಳಸುವುದು ಬೇರೆ, ನುಲಿಯುವುದು ಬೇರೆ. ತಲೆ ಸುತ್ತುವುದು, ಕಣ್ಣು ಕತ್ತಲೆಗಟ್ಟುವುದು, ಕೈಕಾಲು ಜೋಮು ಹಿಡಿಯುವುದು, ಇವನ್ನೆಲ್ಲ ಮೊದಲನೆಯ ಪಾಠಪುಸ್ತಕದಲ್ಲಿ ಹುಡುಕಿದರೆ ಸಿಕ್ಕುವುದು ಅಪರೂಪ. "ಸಂಕಟ" ಎಂಬ ಶಬ್ದವನ್ನು ನೋಡಿ. ಮಲೆಯಾಳದಲ್ಲಿಯೂ ಈ ಶಬ್ದವುಂಟು; ಅಲ್ಲಿ ಅದಕ್ಕೆ ದುಃಖವೆಂದು ಅರ್ಥ. ನಮ್ಮ ರೋಗಿ "ಸಂಕಟವಾಗುತ್ತಿದೆಯಮ್ಮ" ಎಂದಾಗ ಆತ ಹೇಳುತ್ತಿರುವುದು ಹೊಟ್ಟೆಯ ಬಾಧೆಯನ್ನಿರಬಹುದು. ದಾದಿಯು ಮನೆಯವರ ನೆನಪಾಗಿರಬೇಕೆಂದು ತಿಳಿದು ಎರಡು ಸಮಾಧಾನದ ಮಾತು ಹೇಳಿ ಹೊರಟುಹೋದರೆ, ಅದು ಆಕೆಯ ತಪ್ಪಲ್ಲ. ಈ ಒಂದು ಶಬ್ದದ ಅಂತರವನ್ನು ಆಕೆಗೆ ಯಾರಾದರೂ ತಿಳಿಸಿರಬೇಕಾಗಿತ್ತು.

ಇಂತಹವರಿಗೆ ಪಾಠವನ್ನು ಎಲ್ಲಿಂದ ತರಬೇಕು? ಆಸ್ಪತ್ರೆಯ ವಾರ್ಡಿನಿಂದಲೇ ತರಬೇಕು. ರೋಗಿಗಳು ಆಡಿದ ಮಾತುಗಳನ್ನು ವಾರವಿಡೀ ಗುರುತು ಹಾಕಿಕೊಂಡು, ಅರ್ಧ ಗಂಟೆಯ ಬಿಡುವಿನಲ್ಲಿ ಕನ್ನಡ ಬಲ್ಲ ಸಹೋದ್ಯೋಗಿಯೊಬ್ಬರು ರೋಗಿಯ ಪಾತ್ರ ವಹಿಸಿ ಮಾತನಾಡಿದರೆ, ಅದಕ್ಕಿಂತ ಒಳ್ಳೆಯ ಪಾಠವಿಲ್ಲ. ಮಲೆಯಾಳದ ಕ್ರಿಯಾಪದವು ನಾನು, ನೀನು, ಅವಳು ಎಂಬ ಭೇದವಿಲ್ಲದೆ ಒಂದೇ ರೂಪದಲ್ಲಿ ನಿಲ್ಲುತ್ತದೆ. ಆದುದರಿಂದ ಬಂದೆ, ಬಂದಳು, ಬಂದರು ಎಂಬ ಪ್ರತ್ಯಯಗಳಲ್ಲಿ ಇವರು ಬಹುಕಾಲ ಎಡವುತ್ತಾರೆ. ಎಡವಲಿ, ಔಷಧದ ಹೊತ್ತು ತಪ್ಪದಿದ್ದರೆ ಸಾಕು.

ತಾಯ್ನುಡಿ ಯಾವುದೆಂಬುದು ಎರಡನೆಯ ಪ್ರಶ್ನೆ. ತೆಲುಗರಿಗೆ ನಮ್ಮ ಲಿಪಿ ಕೆಲವೇ ದಿನಗಳ ಕೆಲಸ. ಆದರೆ ಅವರ ಭಾಷೆಯಲ್ಲಿ ಏಕವಚನದ ಸ್ತ್ರೀಗೂ ಜಡವಸ್ತುವಿಗೂ ಕ್ರಿಯಾಪದದ ರೂಪ ಒಂದೇ ಆದುದರಿಂದ "ಅವಳು ಬಂತು" ಎಂಬ ಮಾತು ಅವರ ಬಾಯಿಂದ ಹೊರಡುತ್ತದೆ. ತಮಿಳರಿಗೆ ವ್ಯಾಕರಣ ನೆರೆಮನೆಯಂತೆ, ಆದರೆ ಕ, ಖ, ಗ, ಘಗಳಿಗೆ ಒಂದೇ ಅಕ್ಷರವಿರುವ ಲಿಪಿಯಿಂದ ಬಂದವರಿಗೆ ನಮ್ಮ ಅಕ್ಷರಮಾಲೆ ದೊಡ್ಡ ಸಂತೆ. ಹಿಂದಿಯವರಿಗೆ ಮಹಾಪ್ರಾಣದ ಭಯವಿಲ್ಲ. "ನನಗೆ ಹಸಿವಾಗಿದೆ" ಎಂಬ ಚತುರ್ಥಿಯ ರಚನೆಯೂ ಅವರಿಗೆ ಪರಿಚಿತವೇ. ಆದರೆ ಎ, ಒಗಳ ಹ್ರಸ್ವ ದೀರ್ಘಗಳು ಅವರಿಗೆ ತೊಡಕು. "ಕೊಡು" ಎನ್ನಹೋಗಿ "ಕೋಡು" ಎಂದರೆ ಕೇಳಿದವರು ನಗುತ್ತಾರೆ. ಹೀಗಿರುವಾಗ ನಾಲ್ವರಿಗೂ ನಾಲ್ಕು ತಿಂಗಳು ಒಂದೇ ಪಾಠವೆಂಬುದು ಕಲಿಸುವವರ ಅನುಕೂಲವೇ ಹೊರತು ಕಲಿಯುವವರದಲ್ಲ.

ಕಟ್ಟಡದ ಕೆಲಸಕ್ಕೆಂದು ಒಡಿಶಾ, ಬಿಹಾರಗಳಿಂದ ಬಂದವರಲ್ಲಿ ತಮ್ಮ ಭಾಷೆಯನ್ನೇ ಓದಲು ಕಲಿಯದವರೂ ಇದ್ದಾರೆ. ಇವರಿಗೆ ಪುಸ್ತಕವೇ ಅಡ್ಡಗೋಡೆ, ಕಿವಿಯಿಂದಲೇ ಕಲಿಸಬೇಕು. ಕಚೇರಿಯ ಮೇಲಧಿಕಾರಿಗಳ ತೊಂದರೆ ಇನ್ನೊಂದು ತೆರ. ಇಂಗ್ಲಿಷಿನಲ್ಲಿ ಹತ್ತು ಮಂದಿಯನ್ನು ಆಳುವವರು ಕನ್ನಡದಲ್ಲಿ ಮೂರು ವರ್ಷದ ಮಗುವಾಗಬೇಕು. ಅದೂ ಕೈಕೆಳಗಿನವರ ಎದುರಿಗೆ. ಅಂತಹವರಿಗೆ ಏಕಾಂತದಲ್ಲಿ ಪಾಠ ಹೇಳುವುದು ಲೇಸು.

ದೀರ್ಘವಾದ ಅಭ್ಯಾಸಕ್ಕೆ ಅನುಕೂಲವುಳ್ಳವರೂ ಇಲ್ಲದಿಲ್ಲ. 1969ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಭಾರತೀಯ ಭಾಷಾ ಸಂಸ್ಥಾನದ ಪ್ರಾದೇಶಿಕ ಕೇಂದ್ರವು ಇತರ ಪ್ರಾಂತಗಳ ಉಪಾಧ್ಯಾಯರಿಗಾಗಿ ಹತ್ತು ತಿಂಗಳ ಶಿಕ್ಷಣವನ್ನು ಏರ್ಪಡಿಸಿತು. ಅದಕ್ಕೂ ಬಹು ಹಿಂದೆ, 1853ರಲ್ಲಿ, ಇಪ್ಪತ್ತೊಂದು ವರ್ಷದ ಜರ್ಮನ್ ತರುಣನೊಬ್ಬನು ನಮ್ಮ ನಾಡಿಗೆ ಬಂದಿಳಿದನು. ಫರ್ಡಿನೆಂಡ್ ಕಿಟ್ಟೆಲ್ ಎಂಬ ಆತನಿಗೆ ಬಜಾರಿನ ಮಾತೂ ಬೇಕಾಗಿತ್ತು, ಕೇಶಿರಾಜನ ವ್ಯಾಕರಣವೂ ಬೇಕಾಗಿತ್ತು; ಕೊನೆಗೆ 1894ರಲ್ಲಿ ಆತನ ನಿಘಂಟು ಮಂಗಳೂರಿನಲ್ಲಿ ಅಚ್ಚಾಯಿತು. ಆ ನಾಲ್ಕು ದಶಕಗಳ ತಪಸ್ಸನ್ನು ತೋರಿಸಿ ರಾತ್ರಿಪಾಳಿಯ ದಾದಿಯನ್ನು ನಾಚಿಸುವುದರಿಂದ ಏನೂ ಆಗುವುದಿಲ್ಲ.

ಪುಸ್ತಕದಿಂದ "ಬರುತ್ತೇನೆ" ಎಂದು ಕಲಿತವರಿಗೆ ಬೀದಿಯಲ್ಲಿ "ಬರ್ತೀನಿ" ಕೇಳಿಸುತ್ತದೆ. ಎರಡೂ ಒಂದೇ ಎಂದು ಮೊದಲ ದಿನವೇ ಹೇಳಿಬಿಡಬೇಕು.

ಇನ್ನು ಕಲಿಸುವ ಉದ್ಯೋಗವಿಲ್ಲದ ನಾವುಗಳು. ಹೊಸಬರು ತಡವರಿಸುತ್ತ ಕನ್ನಡದಲ್ಲಿ ಬಾಯಿ ತೆರೆದರೆ, ವಾಕ್ಯ ಮುಗಿಯುವ ಮೊದಲೇ ನಾವು ಇಂಗ್ಲಿಷಿಗೆ ಹಾರುತ್ತೇವೆ. ಇದನ್ನು ಉಪಕಾರವೆಂದೂ ಭಾವಿಸುತ್ತೇವೆ. ಅವರಿಗಾದರೋ ಆ ದಿನದ ಪಾಠ ಅಲ್ಲಿಗೆ ಮುಗಿಯಿತು. ತೆಲುಗು ನೆರೆಯವರು "ನಿಮ್ಮ ಮಗಳು ಬಂತು" ಎಂದರೆ, ನಗದೆ, ತಿದ್ದುವ ಗದ್ದಲವನ್ನೂ ಮಾಡದೆ, "ಹೌದು, ಈಗ ತಾನೆ ಬಂದಳು, ನೀವೂ ಒಳಗೆ ಬನ್ನಿ" ಎಂದು ಕನ್ನಡದಲ್ಲಿಯೇ ಮಾತನ್ನು ಮುಂದುವರಿಸಬಹುದು.