ತಪ್ಪಿದ ದಿನದ ಮರುದಿನ

(ಆಕಾಶವಾಣಿ ಭಾಷಣ)



ಗುರಿ ಮತ್ತು ನಿಷ್ಠೆಯನ್ನು ಕುರಿತು ಮಾತನಾಡಬೇಕೆಂದು ನನ್ನನ್ನು ಕೇಳಿದ್ದಾರೆ. ಉಪದೇಶಕ್ಕೆ ಬಹಳ ಅನುಕೂಲವಾದ ವಿಷಯ ಇದು. ಆದರೆ ಉಪದೇಶ ಮಾಡುವ ಅಧಿಕಾರ ನನಗಿಲ್ಲ. ಅದೇಕೆಂಬುದು ಮಾತು ಮುಂದುವರಿದಂತೆ ತಮಗೇ ತಿಳಿಯುತ್ತದೆ.

ನಾನು ಅರಸೀಕೆರೆ ತಾಲ್ಲೂಕಿನ ಗಂಡಸಿಯವನು. ಹೊರಗಿನವರಿಗೆ ನಮ್ಮ ಊರಿಗಿಂತ ‘ಗಂಡಸಿ ಹ್ಯಾಂಡ್‌ಪೋಸ್ಟ್’ ಎಂಬ ಹೆಸರೇ ಹೆಚ್ಚು ಪರಿಚಿತ. ಹ್ಯಾಂಡ್‌ಪೋಸ್ಟ್ ಎಂದರೆ ಕೈಮರ. ದಾರಿಗಳು ಕೂಡುವಲ್ಲಿ ಕೈಚಾಚಿ ನಿಂತು, ಈ ಊರಿಗೆ ಹೀಗೆ, ಆ ಊರಿಗೆ ಹಾಗೆ ಎಂದು ತೋರಿಸುವ ಕಂಬ. ಚಿಕ್ಕವನಾಗಿದ್ದಾಗ ಆ ಹೆಸರಿನಲ್ಲಿ ನನಗೆ ಏನೂ ವಿಶೇಷ ಕಂಡಿರಲಿಲ್ಲ. ಈಗ, ಅಧ್ಯಾಪಕ ವೃತ್ತಿಯಿಂದ ನಿವೃತ್ತನಾದ ಮೇಲೆ, ಅದನ್ನು ಕೇಳಿದಾಗಲೆಲ್ಲ ಸ್ವಲ್ಪ ನಾಚಿಕೆಯಾಗುತ್ತದೆ. ಕೈಮರ ಎಲ್ಲರಿಗೂ ದಾರಿ ತೋರಿಸುತ್ತದೆ. ತಾನು ಮಾತ್ರ ಇದ್ದಲ್ಲಿಂದ ಒಂದು ಹೆಜ್ಜೆಯನ್ನೂ ಇಡುವುದಿಲ್ಲ. ಮೂರು ದಶಕಗಳಿಗೂ ಮೀರಿ ತರಗತಿಯಲ್ಲಿ ನಿಂತು ‘ಗುರಿಯನ್ನು ಬಿಡಬೇಡಿ’ ಎಂದು ಹೇಳುತ್ತಿದ್ದ ನಾನೂ ಅಂಥದೇ ಒಂದು ಕಂಬವಾಗಿದ್ದೆ.

ಕನ್ನಡದಲ್ಲಿ ಈ ಸಂದರ್ಭಕ್ಕೆ ಮೂರು ಮಾತುಗಳಿವೆ: ಹಟ, ಛಲ, ನಿಷ್ಠೆ. ಇವು ಮೂರೂ ಒಂದೇ ಎಂದು ನಾವು ಬಳಸುವುದುಂಟು. ಆದರೆ ಒಂದೇ ಅಲ್ಲ. ಹಟ ಮಗುವಿನದು. ಬೇಕೆಂದದ್ದು ಈಗಲೇ ಬೇಕು. ಸಂಜೆಯ ಹೊತ್ತಿಗೆ ಅದೇ ಮರೆತುಹೋಗಿರುತ್ತದೆ. ಛಲ ವೀರನದು. ರನ್ನನ ‘ಗದಾಯುದ್ಧ’ದಲ್ಲಿ ದುರ್ಯೋಧನ ನಮ್ಮ ಮನಸ್ಸನ್ನು ಗೆಲ್ಲುವುದು ಛಲದಿಂದಲೇ. ಆದರೆ ಛಲಕ್ಕೆ ಎದುರಾಳಿ ಬೇಕು, ನೋಡುವವರು ಬೇಕು. ಎದುರಾಳಿ ಇಲ್ಲದ ಕಡೆ ಅದು ಕಂಗೆಡುತ್ತದೆ. ನಿಷ್ಠೆಗೆ ಇವೆರಡೂ ಬೇಕಿಲ್ಲ. ಯಾರೂ ನೋಡದಿರುವಾಗ, ಯಾರೂ ಕೇಳದಿರುವಾಗ, ನಿನ್ನೆ ಬಿಟ್ಟ ಕೆಲಸದ ಬಳಿಗೆ ಇಂದು ಹಿಂತಿರುಗಿ ಹೋಗುವುದಕ್ಕೆ ನಿಷ್ಠೆ ಎಂದು ಹೆಸರು. ಅದರಲ್ಲಿ ವೀರರಸ ಇಲ್ಲ. ಆದ್ದರಿಂದಲೇ ಕವಿಗಳು ಅದರ ಮೇಲೆ ಹೆಚ್ಚು ಪದ್ಯ ಬರೆದಂತೆ ಕಾಣುವುದಿಲ್ಲ.

ಇದಕ್ಕೆ ನಿದರ್ಶನವನ್ನು ನಾನು ದೂರ ಹುಡುಕಬೇಕಾಗಿಲ್ಲ. ನಮ್ಮ ಸೀಮೆಯ ಕಲ್ಲುಗಳ ಮೇಲೆಯೇ ಅದು ಬರೆದಿದೆ. ಬೇಲೂರು, ಹಳೇಬೀಡುಗಳನ್ನು ತಾವೆಲ್ಲ ನೋಡಿರುತ್ತೀರಿ. 2023ರಲ್ಲಿ ಸೋಮನಾಥಪುರದ ಜೊತೆಗೆ ಅವೆರಡೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ನೋಡದಿದ್ದವರೂ ನೋಡಿ ಬಂದಿದ್ದಾರೆ. ಆದರೆ ನೋಡಿದವರಲ್ಲಿ ಹೆಚ್ಚಿನವರ ಕಣ್ಣು ಮೂರ್ತಿಯ ಮುಖದ ಮೇಲೆ ನಿಲ್ಲುತ್ತದೆ. ಪೀಠದ ಅಂಚಿಗೆ ಇಳಿಯುವುದಿಲ್ಲ. ಅಲ್ಲಿ ಕೆಲವೆಡೆ ಸಣ್ಣ ಅಕ್ಷರಗಳಿವೆ. ಅವು ಕೆತ್ತಿದವರ ಹೆಸರುಗಳು. ಭಾರತದ ಬಹುಪಾಲು ಶಿಲ್ಪಿಗಳು ಅನಾಮಿಕರಾಗಿಯೇ ಉಳಿದರು. ಹೊಯ್ಸಳರ ಕಾಲದ ರೂವಾರಿಗಳಾದರೋ ಅನೇಕರು ತಮ್ಮ ಹೆಸರನ್ನು ಬರೆದಿಟ್ಟರು. 1117ರಲ್ಲಿ ವಿಷ್ಣುವರ್ಧನನ ಕಾಲದಲ್ಲಿ ಪ್ರತಿಷ್ಠೆಯಾದ ಬೇಲೂರಿನ ಗುಡಿಯಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಇವರ ಹೆಸರುಗಳಿವೆ. ಮದನಿಕೆಯರಲ್ಲಿ ನಾಲ್ಕು ತಂದೆಯವು, ಐದು ಮಗನವು ಎಂದು ಗುರುತಿಸಿದ್ದಾರೆ. ಬಳ್ಳಿಗಾವೆಯಿಂದ ಬೇಲೂರಿಗೆ ತಂದೆ ಮಗ ಕೂಡಿಯೇ ಬಂದರೋ, ಮಗ ಹಿಂದಿನಿಂದ ಬಂದನೋ, ಕಲ್ಲು ಹೇಳುವುದಿಲ್ಲ. ಮಗನ ಎಣಿಕೆ ಒಂದು ಹೆಚ್ಚಾದುದನ್ನು ಕಂಡು ತಂದೆ ಸಂತೋಷಪಟ್ಟಿರಬೇಕೆಂದು ಮಾತ್ರ ನಾನು ಊಹಿಸಬಲ್ಲೆ.

ಇವರೆಲ್ಲರಿಗಿಂತ ನನ್ನನ್ನು ಹೆಚ್ಚು ಕಾಡಿದವನು ಮಲ್ಲಿತಮ್ಮ. 1196ರ ಅಮೃತಾಪುರದ ಅಮೃತೇಶ್ವರ ಗುಡಿಯಲ್ಲಿ ಈ ಹೆಸರು ಮೊದಲು ಕಾಣಿಸುತ್ತದೆ. ಐವತ್ತು ವರ್ಷಗಳು ಕಳೆದ ಮೇಲೆ, 1246ರಲ್ಲಿ, ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹನ ಗುಡಿಯಲ್ಲಿ ಅದೇ ಹೆಸರು. ಅಲ್ಲಿ ತೆಂಕಣ ಗೋಡೆಯ ಮೂರ್ತಿಗಳು ಬೈಚೋಜನವು, ಬಡಗಣ ಗೋಡೆಯವು ಮಲ್ಲಿತಮ್ಮನವು. ನಮ್ಮ ತಾಲ್ಲೂಕಿನದೇ ಆದ ಜಾವಗಲ್ಲಿನ ಗುಡಿಯಲ್ಲಿಯೂ ಅವನು ಕೆಲಸಮಾಡಿದನೆಂದು ಶಾಸನಗಳಿಂದ ತಿಳಿಯುತ್ತದೆ. ಕೊನೆಗೆ ಸೋಮನಾಥಪುರದ ಕೇಶವ ದೇವಾಲಯ. ಅಲ್ಲಿ ನಲವತ್ತಕ್ಕೂ ಹೆಚ್ಚು ಮೂರ್ತಿಗಳು ಅವನವು. ಮೊದಲ ಹೆಸರಿಗೂ ಕೊನೆಯ ಹೆಸರಿಗೂ ನಡುವೆ ಸುಮಾರು ಅರವತ್ತು ವರ್ಷಗಳ ಅಂತರ. ಇವನೆಲ್ಲ ಒಬ್ಬನೇ ಎಂದು ಸಾಮಾನ್ಯವಾಗಿ ಗ್ರಹಿಸುತ್ತಾರೆ. ಅಲ್ಲ, ಒಂದೇ ಹೆಸರಿನ ಎರಡು ತಲೆಮಾರಿನವರು ಎಂದರೂ ನನ್ನ ಮಾತಿಗೆ ಭಂಗ ಬರುವುದಿಲ್ಲ. ಒಂದು ಉಳಿ ಅರವತ್ತು ವರ್ಷ ಕೆಳಗಿಳಿಯಲಿಲ್ಲ ಎಂಬುದಷ್ಟೇ ನನಗೆ ಮುಖ್ಯ.

ಆ ಉಳಿ ಕೆಲಸಮಾಡಿದ್ದು ಬಳಪದ ಕಲ್ಲಿನ ಮೇಲೆ. ಈ ಕಲ್ಲಿನ ಸ್ವಭಾವ ವಿಚಿತ್ರವಾದುದು. ಗಣಿಯಿಂದ ಹೊರಗೆ ತೆಗೆದಾಗ ಅದು ಮೃದು; ಕೈಬಳೆಯ ಒಳಗೆ ಬೆರಳು ತೂರುವಷ್ಟು ಸೂಕ್ಷ್ಮವಾದ ಕೆಲಸಕ್ಕೂ ಒದಗುತ್ತದೆ. ಗಾಳಿಗೆ ಮೈಯೊಡ್ಡಿದಂತೆಲ್ಲ ಗಡುಸಾಗುತ್ತ ಹೋಗುತ್ತದೆ. ನಮ್ಮ ಸಂಕಲ್ಪಗಳೂ ಹೀಗೆಯೇ ಅಲ್ಲವೆ? ಮನಸ್ಸಿನಿಂದ ಹೊರಗೆ ಬಂದ ಹೊಸತರಲ್ಲಿ ಅವು ಬೇಕಾದ ಹಾಗೆ ಬಾಗುತ್ತವೆ. ಆಗಲೇ ಉಳಿ ಹಿಡಿದರೆ ಸರಿ. ನಾಳೆಗೆ ಎಂದು ಬಿಟ್ಟರೆ ಅದೇ ಕಲ್ಲು, ಆದರೆ ಉಳಿಗೆ ಬಗ್ಗದ ಕಲ್ಲು.

ಮಲ್ಲಿತಮ್ಮನ ವಿಷಯದಲ್ಲಿ ಇನ್ನೊಂದು ಸಂಗತಿ ಇದೆ. ಅವನು ತನ್ನ ಹೆಸರನ್ನು ಕೆಲವೆಡೆ ಪೂರ್ತಿಯಾಗಿ ಬರೆದಿದ್ದಾನೆ. ಕೆಲವೆಡೆ ‘ಮಲ್ಲಿ’ ಎಂದಷ್ಟೇ ಬರೆದಿದ್ದಾನೆ. ಇನ್ನು ಕೆಲವೆಡೆ ಬರಿಯ ‘ಮ’. ಯಾಕೆ ಹೀಗೆ ಎಂಬುದಕ್ಕೆ ವಿದ್ವಾಂಸರು ಬೇರೆ ಕಾರಣ ಕೊಡಬಹುದು. ನನ್ನ ಭಾವನೆ ಇಷ್ಟು: ಹೆಸರು ಬರೆಯುವ ಹೊತ್ತಿನಲ್ಲಿ ಮುಂದಿನ ಕಲ್ಲು ಅವನನ್ನು ಕರೆಯುತ್ತಿತ್ತು.

ಹಳೆಯ ಕಾಲದ ಮಾತಾಯಿತು, ಈಗ ಯಾರು ಹಾಗಿದ್ದಾರೆ ಎಂದು ತಾವು ಕೇಳಬಹುದು. ಕನ್ನಡ ಸಾಹಿತ್ಯ ಪರಿಷತ್ತಿನ ಬೃಹತ್ ನಿಘಂಟನ್ನು ನೆನೆಯಿರಿ. 1940ರ ದಶಕದಲ್ಲಿ ಮೊದಲಾದ ಕಾರ್ಯ ಅದು. ಮೊದಲನೆಯ ಸಂಪುಟ ಬಂದದ್ದು 1970ರಲ್ಲಿ. ಎಂಟನೆಯ ಮತ್ತು ಕೊನೆಯ ಸಂಪುಟ ಹೊರಬಂದದ್ದು 1995ರಲ್ಲಿ. ಶಾಸನ, ಕಾವ್ಯ, ವಚನ, ದಾಸರ ಪದ ಎಲ್ಲದರಿಂದ ಒಂದೊಂದೇ ಮಾತನ್ನು ಆಯ್ದು, ಚೀಟಿಯ ಮೇಲೆ ಬರೆದು, ಅಕಾರಾದಿಯಾಗಿ ಜೋಡಿಸಿದ ಕೆಲಸ. ಮೊದಲ ಅಕ್ಷರದಲ್ಲಿ ದುಡಿದವರೆಲ್ಲ ಕೊನೆಯ ಅಕ್ಷರವನ್ನು ಕಾಣಲಿಲ್ಲ. ಕಂಡವರಲ್ಲಿ ಪ್ರೊ. ಜಿ. ವೆಂಕಟಸುಬ್ಬಯ್ಯನವರು ಪ್ರಮುಖರು. 1913ರಲ್ಲಿ ಹುಟ್ಟಿ 2021ರಲ್ಲಿ ತೀರಿಕೊಂಡ ಅವರು, ನಿಘಂಟು ಮುಗಿದ ಮೇಲೂ ಒಂದೊಂದು ಪದದ ಬೆನ್ನು ಹತ್ತುವುದನ್ನು ಬಿಡಲಿಲ್ಲ. ವಿದ್ಯಾರ್ಥಿಯಾಗಿದ್ದಾಗ ಗ್ರಂಥಾಲಯದಲ್ಲಿ ಆ ಸಂಪುಟಗಳನ್ನು ನಾನು ತೆರೆದು ನೋಡಿದ್ದೆ. ಆಗ ಅವು ಬೇಕಾದ ಪದ ಸಿಗುವ ಪುಸ್ತಕಗಳಾಗಿದ್ದವು. ಈಗ ನೋಡಿದರೆ ಪುಟಕ್ಕೆ ಎಷ್ಟು ಮುಂಜಾನೆಗಳು ಸಂದಿರಬೇಕು ಎಂಬ ಲೆಕ್ಕ ಮೊದಲು ತಲೆಗೆ ಬರುತ್ತದೆ.

ಇನ್ನು ನನ್ನ ಮಾತು. 1982ರಲ್ಲಿ ಎಂ.ಎ. ಮುಗಿಸಿ ಊರಿಗೆ ಬಂದಾಗ ನಾನೂ ಒಂದು ಸಂಕಲ್ಪ ಮಾಡಿದೆ. ಅರಸೀಕೆರೆ, ಬೇಲೂರು, ಚನ್ನರಾಯಪಟ್ಟಣ ಈ ಮೂರು ತಾಲ್ಲೂಕುಗಳ ಗುಡಿಗಳಲ್ಲಿರುವ ರೂವಾರಿಗಳ ಹೆಸರನ್ನೆಲ್ಲ ಕಣ್ಣಾರೆ ನೋಡಿ, ಅಕ್ಷರದ ಆಕಾರ ಸಹಿತ ನಕಲು ಮಾಡಿ, ಒಂದು ಪುಸ್ತಕ ಬರೆಯಬೇಕು. ರೈಸ್ ಅವರ ಶಾಸನ ಸಂಪುಟ ಇತ್ತು, ನಿಜ. ಹಾಸನ ಜಿಲ್ಲೆಯದು 1902ರಲ್ಲಿಯೇ ಅಚ್ಚಾಗಿತ್ತು. ಆದರೆ ನನಗೆ ಬೇಕಾದದ್ದು ಕೈಬರಹ. ಒಬ್ಬನ ‘ಮ’ಕಾರಕ್ಕೂ ಇನ್ನೊಬ್ಬನ ‘ಮ’ಕಾರಕ್ಕೂ ಇರುವ ವ್ಯತ್ಯಾಸ. ಬಾಡಿಗೆ ಸೈಕಲ್ಲಿನ ಮೇಲೆ ಹಾರನಹಳ್ಳಿಗೆ, ಅರಸೀಕೆರೆಯ ಈಶ್ವರನ ಗುಡಿಗೆ, ನುಗ್ಗೇಹಳ್ಳಿಗೆ ಅಲೆದೆ. ಒಂದೂವರೆ ವರ್ಷದಲ್ಲಿ ಆರು ನೋಟುಪುಸ್ತಕಗಳು ತುಂಬಿದವು.

ಆಮೇಲೆ ಕೆಲಸ ಸಿಕ್ಕಿತು. ಊರು ಬಿಟ್ಟೆ. ಮದುವೆ, ಮಕ್ಕಳು, ವರ್ಗಾವಣೆ, ಪರೀಕ್ಷೆ, ಮೌಲ್ಯಮಾಪನ, ಸಮಿತಿ. ಇವು ಯಾವುವೂ ಸುಳ್ಳು ಕಾರಣಗಳಲ್ಲ. ಆದರೆ ನಿಜವಾದ ಕಾರಣ ಅವಲ್ಲ. ಮೊದಲು ಒಂದು ಬೇಸಗೆ ರಜೆ ತಪ್ಪಿತು. ಮುಂದಿನ ರಜೆಗೆ ನೋಡೋಣ ಎಂದುಕೊಂಡೆ. ಮುಂದಿನ ರಜೆಯಲ್ಲಿ, ತಪ್ಪಿದ್ದೇ ನೆನಪಿರಲಿಲ್ಲ.

ಪ್ರತಿ ಯುಗಾದಿಗೆ ಊರಿಗೆ ಹೋದಾಗ ನಮ್ಮ ತಂದೆಯವರು ತಪ್ಪದೆ ಕೇಳುತ್ತಿದ್ದರು: “ಆ ಕಲ್ಲಿನ ಹೆಸರು ಎಲ್ಲಿಗೆ ಬಂತಪ್ಪ?” ನಾನು, “ನಡೀತಾ ಇದೆ ಅಪ್ಪ” ಎನ್ನುತ್ತಿದ್ದೆ. ಪ್ರತಿ ಯುಗಾದಿಗೂ ಅದೇ ಪ್ರಶ್ನೆ, ಅದೇ ಉತ್ತರ. ಅವರು ಓದಿದ್ದು ನಾಲ್ಕನೆಯ ತರಗತಿ. ತೆಂಗು, ರಾಗಿ ಬಿಟ್ಟರೆ ಬೇರೆ ಪ್ರಪಂಚವಿಲ್ಲ. ನಾನು ಹುಡುಗನಾಗಿದ್ದಾಗ ಮಳೆ ಕೈಕೊಟ್ಟ ಒಂದು ವರ್ಷ, ಹೊಸದಾಗಿ ನೆಟ್ಟ ತೆಂಗಿನ ಸಸಿಗಳಿಗೆ ಅವರು ದೂರದ ಬಾವಿಯಿಂದ ಕೊಡದಲ್ಲಿ ನೀರು ಹೊತ್ತು ಹಾಕುತ್ತಿದ್ದರು. ನನಗೂ ಒಂದು ಸಾಲನ್ನು ಒಪ್ಪಿಸಿದ್ದರು. ಜಾತ್ರೆಯ ದಿನ ನಾನು ತಪ್ಪಿಸಿಕೊಂಡೆ. ಮರುದಿನ ಹೆದರಿ ನಿಂತಾಗ ಅವರು ಬೈಯಲಿಲ್ಲ. “ಒಂದಿನ ನೀರು ತಪ್ಪಿದ್ರೆ ಸಸಿ ಸಾಯಲ್ಲ ಕಣಪ್ಪ. ತಪ್ಪಿತು ಅನ್ನೋದನ್ನ ಮರೆತರೆ ಸಾಯ್ತದೆ” ಎಂದು ಹೇಳಿ ಕೊಡವನ್ನು ನನ್ನ ಕೈಗೆ ಕೊಟ್ಟರು. ಆ ಸಾಲಿನ ಮರಗಳು ಈಗಲೂ ಕಾಯಿ ಬಿಡುತ್ತಿವೆ.

ತಂದೆಯವರು 2004ರಲ್ಲಿ ತೀರಿಕೊಂಡರು. ನಿವೃತ್ತನಾಗಿ ಊರಿಗೆ ಹೋದಾಗ ನಾನು ಆ ನೋಟುಪುಸ್ತಕಗಳಿಗಾಗಿ ಹುಡುಕಿದೆ. ನಮ್ಮ ಕಡೆ ಉಂಡೆ ಕೊಬ್ಬರಿ ಮಾಡುವುದಕ್ಕೆ ತೆಂಗಿನಕಾಯಿಯನ್ನು ಸುಲಿಯದೆ ಅಟ್ಟದ ಮೇಲೆ ತಿಂಗಳುಗಟ್ಟಲೆ ಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗಬೇಕು, ಅವಸರ ಮಾಡುವಂತಿಲ್ಲ. ಆ ಅಟ್ಟದ ಮೂಲೆಯಲ್ಲಿ ಕಟ್ಟು ಸಿಕ್ಕಿತು. ಎರಡು ಪುಸ್ತಕಗಳನ್ನು ಗೆದ್ದಲು ತಿಂದಿತ್ತು, ನಾಲ್ಕು ಉಳಿದಿದ್ದವು. ನನ್ನ ತಾಯಿ ಕೆಳಗೆ ನಿಂತು ನೋಡುತ್ತಿದ್ದವರು, “ಕಾಯಿ ಇಳಿಸಿದಾಗಲೆಲ್ಲ ನಿಮ್ಮಪ್ಪ ಅದರ ಧೂಳು ಕೊಡವಿ ಮತ್ತೆ ಅಲ್ಲೇ ಇಡೋರು” ಎಂದರು.

ಶ್ರೋತೃಗಳೆ, ಅಟ್ಟದ ಏಣಿಯ ಮೇಲೆ ನಿಂತಿದ್ದ ನನಗೆ ಕೆಳಗಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಪುಸ್ತಕಗಳು ಇಲ್ಲಿಯೇ ಇವೆ, ಕೆಲಸ ಎಲ್ಲಿಯೂ ನಡೆಯುತ್ತಿಲ್ಲ ಎಂಬುದು ಅವರಿಗೆ ಮೊದಲಿನಿಂದಲೂ ಗೊತ್ತಿತ್ತು. ಗೊತ್ತಿದ್ದೂ ವರ್ಷಕ್ಕೊಮ್ಮೆ ಕೇಳುತ್ತಿದ್ದರು. ಅದು ವಿಚಾರಣೆಯಾಗಿರಲಿಲ್ಲ. ತಪ್ಪಿದ್ದನ್ನು ನಾನು ಮರೆಯದಿರಲಿ ಎಂದು ಪ್ರತಿ ವರ್ಷ ಹಾಕುತ್ತಿದ್ದ ಒಂದು ಕೊಡ ನೀರು.

ಈಗ ಮತ್ತೆ ಮೊದಲು ಮಾಡಿದ್ದೇನೆ. ಸೈಕಲ್ಲಿಗೆ ಮಂಡಿ ಒಪ್ಪುವುದಿಲ್ಲ. ಪ್ರತಿ ಗುರುವಾರ ಬಸ್ಸು ಹಿಡಿದು ಒಂದು ಗುಡಿಗೆ ಹೋಗುತ್ತೇನೆ. ಎರಡು ಗಂಟೆಯ ಕೆಲಸ. ಬೆಳಕು ಓರೆಯಾಗಿ ಬೀಳುವ ಬೆಳಗಿನ ಹೊತ್ತು ಮಾತ್ರ ಸವೆದ ಅಕ್ಷರ ಕಣ್ಣಿಗೆ ಹತ್ತುತ್ತದೆ. ಒಮ್ಮೊಮ್ಮೆ ಒಂದೇ ಹೆಸರು, ಒಮ್ಮೊಮ್ಮೆ ಅದೂ ಇಲ್ಲ. ಕಳೆದ ವರ್ಷ ನುಗ್ಗೇಹಳ್ಳಿಯಲ್ಲಿ ಒಬ್ಬಳು ಶಾಲೆಯ ಹುಡುಗಿ ನನ್ನ ಪಕ್ಕದಲ್ಲಿ ಕುಕ್ಕುರುಗಾಲಿನಲ್ಲಿ ಕುಳಿತು, “ಏನಜ್ಜ ಓದ್ತಾ ಇದೀರ?” ಎಂದಳು. ಹೆಸರು ಹೇಳಿದೆ. “ಹೆಂಗಸಾ?” ಎಂದಳು. “ಅಲ್ಲಮ್ಮ, ಮಲ್ಲಿತಮ್ಮ. ಅಮ್ಮ ಅಲ್ಲ, ತಮ್ಮ” ಎಂದೆ. ಅವಳು ನಕ್ಕು, ಆ ಅಕ್ಷರಗಳ ಮೇಲೆ ಬೆರಳಾಡಿಸಿ, ಮುಂದಿನ ಮೂರ್ತಿಯ ಬುಡಕ್ಕೆ ತಾನೇ ಹೋಗಿ ಬಗ್ಗಿ ನೋಡಿದಳು. ನನ್ನ ಪುಸ್ತಕ ಮುಗಿಯದಿದ್ದರೂ ಅಂದಿನ ಗುರುವಾರ ವ್ಯರ್ಥವಾಗಲಿಲ್ಲ.

ಮುಗಿಯದೆಯೂ ಹೋಗಬಹುದು. ಕಳೆದ ಮೂವತ್ತಾರು ವರ್ಷಗಳನ್ನು ಯಾರೂ ಹಿಂದಕ್ಕೆ ಕೊಡಲಾರರು. ಗೆದ್ದಲು ತಿಂದ ಹಾಳೆಗಳಲ್ಲಿದ್ದ ಕೆಲವು ಅಕ್ಷರಗಳು ಈ ನಡುವೆ ಕಲ್ಲಿನಲ್ಲಿಯೂ ಸವೆದಿವೆ. ‘ತಡವಾದರೂ ಚಿಂತೆಯಿಲ್ಲ’ ಎಂದು ಹೇಳುವುದಕ್ಕೆ ನಾನು ಸಿದ್ಧನಿಲ್ಲ. ತಡವಾದುದಕ್ಕೆ ನಷ್ಟ ಇದೆ. ಆದರೆ ಹಳೇಬೀಡಿನ ಹೊಯ್ಸಳೇಶ್ವರನನ್ನು ನೋಡಿ. 1121ರ ಸುಮಾರಿಗೆ ಆರಂಭವಾಗಿ ದಶಕಗಳ ಕಾಲ ಕೆಲಸ ನಡೆದರೂ ಪೂರ್ಣವಾಗದೆ ಉಳಿದ ಗುಡಿಯೆಂದೇ ಅದು ಪ್ರಸಿದ್ಧ. ಅದರ ತಲೆಯ ಮೇಲೆ ಶಿಖರವಿಲ್ಲ. ಆದರೂ ಅದರ ಮುಂದೆ ನಿಂತವರು ಯಾರೂ ಶಿಖರವೆಲ್ಲಿ ಎಂದು ಕೇಳುವುದಿಲ್ಲ. ಯಾಕೆಂದರೆ ಕೆಳಗಿನ ಆನೆಯ ಸಾಲಿನಿಂದ ಹಿಡಿದು ಎಲ್ಲಿಯವರೆಗೆ ಕೈ ಹೋಯಿತೋ ಅಲ್ಲಿಯವರೆಗೆ ಯಾವ ಕಲ್ಲನ್ನೂ ಅವರು ಅಲಕ್ಷ್ಯದಿಂದ ಬಿಡಲಿಲ್ಲ. ಅಪೂರ್ಣವಾಗಿ ಉಳಿಯುವುದು ಬೇರೆ, ಅಟ್ಟಕ್ಕೆ ಹಾಕಿ ಮರೆಯುವುದು ಬೇರೆ. ಮೊದಲನೆಯದು ಕಾಲದ ಕೈಯಲ್ಲಿದೆ. ಎರಡನೆಯದು ನಮ್ಮ ಕೈಯಲ್ಲಿದೆ.

ಕೇಳುತ್ತಿರುವವರಲ್ಲಿ ಯಾರ ಮನೆಯ ಅಟ್ಟದಲ್ಲಾದರೂ ಅಂಥದೊಂದು ಕಟ್ಟು ಇರಬಹುದು: ಅರ್ಧ ಕಲಿತ ವೀಣೆ, ಕಟ್ಟದೆ ಬಿಟ್ಟ ಪರೀಕ್ಷೆ, ನಿಲ್ಲಿಸಿದ ಬರವಣಿಗೆ. ಹೊಸ ಪ್ರತಿಜ್ಞೆ ಏನೂ ಬೇಡ. ಪ್ರತಿಜ್ಞೆಗಳನ್ನು ನಾನು ಬೇಕಾದಷ್ಟು ಮಾಡಿ ನೋಡಿದ್ದೇನೆ. ಕಟ್ಟನ್ನು ಇಳಿಸಿ, ಧೂಳು ಕೊಡವಿ, ತಪ್ಪಿದ್ದು ಎಂದಿನಿಂದ ಎಂದು ಒಂದು ಚೀಟಿಯಲ್ಲಿ ಬರೆದಿಡಿ. ಅಷ್ಟು ನೆನಪಾದರೆ ಕೊಡ ತಾನಾಗಿ ಕೈಗೆ ಬರುತ್ತದೆ.

ನಾಳೆ ಗುರುವಾರ. ನಾನು ಜಾವಗಲ್ಲಿನ ಬಸ್ಸು ಹಿಡಿಯಬೇಕು.