ನಮ್ಮ ಮನೆ ಸಾಮಾನಿಗೂ ಒಂದು ಚರಿತ್ರೆ
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಮಗಳ ಮನೆಗೆಂದು ಅಮೆರಿಕಕ್ಕೆ ಹೋಗಿದ್ದಾಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ನೋಡಿದೆ. ಅಲ್ಲಿ 1924ರಲ್ಲಿ ತೆರೆದ ‘ಅಮೆರಿಕನ್ ವಿಂಗ್’ ಎಂಬ ವಿಭಾಗವಿದೆ. ಹಳೆಯ ಮನೆಗಳ ಕೋಣೆಗಳನ್ನೇ ಬಿಚ್ಚಿ ತಂದು ಜೋಡಿಸಿ, ಆಯಾ ಕಾಲದ ಕುರ್ಚಿ, ಮೇಜು, ಮಂಚ ಇಟ್ಟಿದ್ದಾರೆ. ಬ್ರಿಟಿಷರ ಆಳ್ವಿಕೆಯ ಕಾಲದ್ದು ‘ಕಲೋನಿಯಲ್’, ಸ್ವಾತಂತ್ರ್ಯ ಬಂದ ಮೇಲಿನದು ‘ಫೆಡರಲ್’, ಆಮೇಲಿನದು ‘ವಿಕ್ಟೋರಿಯನ್’. ತಿಳಿದವರು ಕುರ್ಚಿಯ ಕಾಲು ನೋಡಿಯೇ ಅದರ ಕಾಲ ಹೇಳುತ್ತಾರೆ.

ಅವರಲ್ಲಿ ಈ ಆಸಕ್ತಿ ಬೆಳೆಯಲು ಒಂದು ಉತ್ಸವವೂ ಕಾರಣ. 1876ರಲ್ಲಿ, ಸ್ವಾತಂತ್ರ್ಯದ ನೂರನೇ ವರ್ಷಕ್ಕೆ, ಫಿಲಡೆಲ್ಫಿಯಾದಲ್ಲಿ ದೊಡ್ಡ ವಸ್ತುಪ್ರದರ್ಶನ ನಡೆಯಿತು. ಹೊಸ ಯಂತ್ರಗಳ ಜೊತೆಗೆ ಹಿಂದಿನ ಕಾಲದ ಒಂದು ಅಡುಗೆಮನೆಯನ್ನೂ ಕಟ್ಟಿ ತೋರಿಸಿದ್ದರು. ಆ ನಂತರ ಹಳೆಯ ಸಾಮಾನಿನ ಮೇಲೆ ಜನರ ಪ್ರೀತಿ ಹೆಚ್ಚಿತು. ನಮ್ಮ ಶಾಲೆಗೆ ಐವತ್ತು ತುಂಬಿದ ಈ ದಿನ ನಾವೂ ಒಮ್ಮೆ ಹಿಂದಿರುಗಿ ನೋಡಬಹುದಲ್ಲವೇ?

ನಮ್ಮ ಮನೆಗಳಿಗೂ ಕಾಲಗಳಿವೆ, ಹೆಸರಿಟ್ಟಿಲ್ಲ ಅಷ್ಟೆ. ಮೊದಲನೆಯದು ತೊಟ್ಟಿ ಮನೆಯ ಕಾಲ. ಮಣ್ಣಿನ ಗೋಡೆ, ಮರದ ಕಂಬ, ದೀಪದ ಗೂಡು. ಕೂರಲು ಜಗುಲಿ, ಊಟಕ್ಕೆ ಮಣೆ, ಮಲಗಲು ಚಾಪೆ, ರಾಗಿ ತುಂಬಲು ವಾಡೆ. ಎರಡನೆಯದು ಮಂಗಳೂರು ಹೆಂಚಿನ ಕಾಲ. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಆ ಹೆಂಚು ಘಟ್ಟ ಹತ್ತಿ ನಮ್ಮ ಕಡೆಗೂ ಬಂತು. 1898ರ ಪ್ಲೇಗಿನ ನಂತರ ಬೆಳೆದ ಬಸವನಗುಡಿ, ಮಲ್ಲೇಶ್ವರದ ಹಳೆಯ ಮನೆಗಳಲ್ಲಿ ಹೆಂಚಿನ ಚಾವಣಿ, ಕೆಂಪು ನೆಲ, ಬೆತ್ತದ ಕುರ್ಚಿ ನೋಡಿರುತ್ತೀರಿ.

ಮೂರನೆಯದಕ್ಕೆ ಬೀರುವಿನ ಕಾಲ ಎಂದು ನಾನೇ ಹೆಸರಿಟ್ಟಿದ್ದೇನೆ. 1950ರ ದಶಕದಲ್ಲಿ ಜಾಲಹಳ್ಳಿ ಕಡೆ ಎಚ್‌ಎಂಟಿ, ಬಿಇಎಲ್ ಬಂದವು, ಆಮೇಲೆ ಪೀಣ್ಯ ಬೆಳೆಯಿತು. ತಿಂಗಳ ಸಂಬಳ ಬಂದ ಮನೆಗೆ ಕಬ್ಬಿಣದ ಬೀರು ಬಂತು, ಮಡಚುವ ಕುರ್ಚಿ ಬಂತು. ಈಗಿನದು ಮಾಡ್ಯುಲರ್ ಕಿಚನ್ ಕಾಲ.

ನಮ್ಮ ತೊಟ್ಟಿ ಮನೆ ಕೆಡವಿ, ಬಾಡಿಗೆಗೆಂದು ಮೂರು ಅಂತಸ್ತು ಕಟ್ಟಿದವನು ನಾನೇ. ಅದು ತಪ್ಪು ಎನ್ನಲಾರೆ, ಆ ಬಾಡಿಗೆಯಲ್ಲೇ ಮಗಳು ಓದಿದಳು. ಆದರೆ ಕಂಬ, ಬಾಗಿಲುವಾಡಗಳನ್ನೆಲ್ಲ ಸೌದೆ ಬೆಲೆಗೆ ಕೊಟ್ಟುಬಿಟ್ಟೆ. ಒಂದು ಫೋಟೋ ಕೂಡ ತೆಗೆಯಲಿಲ್ಲ. ಆ ಮ್ಯೂಸಿಯಂನಲ್ಲಿ ಮಗಳು ಕೇಳಿದಳು: “ಅಪ್ಪಾ, ನಮ್ಮನೆ ಕಂಬ ಯಾವ ಮರದ್ದು? ಯಾವ ಆಚಾರಿ ಕೆತ್ತಿದ್ದು?” ನನಗೆ ಗೊತ್ತಿರಲಿಲ್ಲ. ಗೊತ್ತಿದ್ದ ಅವ್ವ ಈಗಿಲ್ಲ.

ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಹಾಳಾಗಲಿದ್ದ ಹಳೆಯ ಮನೆಗಳನ್ನು ಬಿಚ್ಚಿ ತಂದು, ಮತ್ತೆ ನಿಲ್ಲಿಸಿ, ಒಂದು ಹೆರಿಟೇಜ್ ವಿಲೇಜನ್ನೇ ಕಟ್ಟಿದರು. ಅವರು ಬ್ಯಾಂಕ್ ನೌಕರರಾಗಿದ್ದವರು. ಅಷ್ಟು ದೊಡ್ಡ ಕೆಲಸ ನಮ್ಮಿಂದಾಗದಿದ್ದರೂ ಒಂದು ಸಣ್ಣ ಕೆಲಸ ಆಗುತ್ತದೆ. ಮನೆ ಕೆಡವಬೇಡಿ ಎಂದು ನಾನು ಹೇಳುವುದಿಲ್ಲ. ಕೆಡವುವ ಮೊದಲು ನಾಲ್ಕು ಫೋಟೋ ತೆಗೆಯಿರಿ, ಕಂಬದ ಅಳತೆ ಬರೆದಿಡಿ. ವಿದ್ಯಾರ್ಥಿಗಳೇ, ಅಜ್ಜಿ ತಾತಂದಿರ ಪಕ್ಕ ನೋಟುಬುಕ್ಕು ಹಿಡಿದು ಕೂರಿ. ಮನೆಯಲ್ಲಿರುವ ಒಂದೊಂದು ಹಳೆಯ ಸಾಮಾನಿನ ಹೆಸರು, ಅದರ ಉಪಯೋಗ, ಮಾಡಿದವರ ಹೆಸರು ಕೇಳಿ ಬರೆಯಿರಿ. ನಾನು ಕೇಳದೆ ಬಿಟ್ಟದ್ದನ್ನು ನೀವು ಕೇಳಿ.

ನಮ್ಮ ಮನೆಯಲ್ಲಿ ಉಳಿದಿರುವುದು ಅವ್ವ ರಾಗಿ ಬೀಸುತ್ತಿದ್ದ ಕಲ್ಲು ಒಂದೇ. ಅದನ್ನು ಇಂದು ಶಾಲೆಗೆ ಒಪ್ಪಿಸುತ್ತಿದ್ದೇನೆ. ಮುಖ್ಯೋಪಾಧ್ಯಾಯರು ಅದಕ್ಕೊಂದು ಮೂಲೆ ಕೊಟ್ಟರೆ, ಪಕ್ಕದಲ್ಲಿ ಇಡಲು ನಿಮ್ಮ ಮನೆಯಿಂದಲೂ ಏನಾದರೂ ಬರಲಿ.