ಡ್ರಿಲ್ ಕೆಟ್ಟಾಗ ಕೇಳಬೇಕಾದ ಪ್ರಶ್ನೆ

(ಕುಕ್ಕುಂದೂರಿನಲ್ಲಿ ಕೃಷಿಕರ ಕೂಟವೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ಅಡಿಕೆಯ ಕೊಳೆರೋಗವನ್ನೋ ಮಣ್ಣಿನ ಹುಳಿತನವನ್ನೋ ಕುರಿತು ನಾನು ಮಾತನಾಡುವೆನೆಂದು ತಾವು ನಿರೀಕ್ಷಿಸಿರಬಹುದು. ಇಂದು ಅವಕ್ಕಿಂತ ಸಣ್ಣದೆಂದು ತೋರುವ ವಿಷಯವೊಂದನ್ನು ಎತ್ತಿಕೊಂಡಿದ್ದೇನೆ. ಮನೆಯ ವಿದ್ಯುತ್ ಡ್ರಿಲ್ ಕೆಟ್ಟಾಗ ಅದರ ಬದಲಿಗೆ ಹೆಸರಾಂತ ಕಂಪನಿಯದನ್ನು ಕೊಳ್ಳಬೇಕೇ, ಅಗ್ಗದ್ದು ಸಾಕೇ ಎಂಬುದೇ ಆ ವಿಷಯ.

ಜೀವಾಮೃತದ ಡ್ರಮ್ಮಿಗೆ ನಲ್ಲಿ ಕೂರಿಸಲು, ಹಟ್ಟಿಯ ದಾರಂದಕ್ಕೆ ಬೋಲ್ಟ್ ಹಾಕಲು, ಪಿವಿಸಿ ಪೈಪಿಗೆ ತೂತು ಕೊರೆಯಲು ಡ್ರಿಲ್ ಇಂದು ನಮಗೆ ಬೇಕೇ ಬೇಕು. ನಮ್ಮ ಮನೆಯಲ್ಲಿ ಅಗ್ಗದ ಎರಡು ಡ್ರಿಲ್‌ಗಳು ನಾಲ್ಕು ಮಳೆಗಾಲ ಕಳೆಯುವುದರೊಳಗೆ ಸುಟ್ಟುಹೋದವು. ಎರಡನೆಯದನ್ನು ರಿಪೇರಿಗೆ ಒಯ್ದಾಗ ಅಂಗಡಿಯವರು ಬಿಚ್ಚಿ ನೋಡಿ, "ಇದರ ಆರ್ಮೇಚರೇ ಹೋಗಿದೆ ಮಾರಾಯ್ರೆ. ಈ ಅಳತೆಯದ್ದು ಸಿಗುವುದಿಲ್ಲ. ವೈಂಡಿಂಗ್ ಮಾಡಿಸುವ ಖರ್ಚಿಗೆ ಹೊಸತೇ ಬರುತ್ತದೆ" ಎಂದರು. ಆ ಮಾತು ನನ್ನನ್ನು ಬಹಳ ದಿನ ಕಾಡಿತು.

ನಮ್ಮ ಆಚಾರಿಗಳ ಬೈರಿಗೆಯನ್ನು ನೆನೆಯಿರಿ. ಹಿಡಿ ಸವೆದರೆ ಹೊಸ ಹಿಡಿ, ಮೊನೆ ಮೊಂಡಾದರೆ ಸಾಣೆ. ತಂದೆಯ ಬೈರಿಗೆಯಲ್ಲಿ ಮಗ ಕೆಲಸ ಮಾಡುತ್ತಿದ್ದ. ವಿದ್ಯುತ್ ಡ್ರಿಲ್ ಕೂಡ ರಿಪೇರಿಗೆ ಒಗ್ಗದ ವಸ್ತುವೇನಲ್ಲ. ಜರ್ಮನಿಯ ಫೈನ್ ಸಂಸ್ಥೆ 1895ರಲ್ಲಿ ಕೈಯಲ್ಲಿ ಹಿಡಿಯುವ ವಿದ್ಯುತ್ ಡ್ರಿಲ್ಲನ್ನು ರೂಪಿಸಿತು. ಪಿಸ್ತೂಲಿನಂತಹ ಹಿಡಿ ಮತ್ತು ಒತ್ತುಗುಂಡಿಗೆ ಅಮೆರಿಕದ ಬ್ಲ್ಯಾಕ್ ಅಂಡ್ ಡೆಕರ್ 1917ರಲ್ಲಿ ಪೇಟೆಂಟ್ ಪಡೆಯಿತು. ವಯರ್ ಇರುವ ಡ್ರಿಲ್ಲಿನ ಒಳಗಿನ ಮೂಲ ರಚನೆ ಇಂದಿಗೂ ಬಹುಪಾಲು ಅದೇ: ಆರ್ಮೇಚರ್, ಕಾರ್ಬನ್ ಬ್ರಷ್, ಬೇರಿಂಗ್, ಗಿಯರ್, ಸ್ವಿಚ್, ಚಕ್.

ಇವುಗಳಲ್ಲಿ ಕಾರ್ಬನ್ ಸವೆಯಲೆಂದೇ ಇರುವ ಭಾಗ. ಅದನ್ನು ಸಕಾಲದಲ್ಲಿ ಬದಲಿಸದಿದ್ದರೆ ಕಿಡಿ ಹಾರಿ ಆರ್ಮೇಚರ್ ಕೆಡುತ್ತದೆ. ಗಟ್ಟಿ ವಸ್ತುವಿನ ಮೇಲೆ ಬಲವಾಗಿ ಒತ್ತಿದಾಗ ಮೋಟಾರಿನ ವೇಗ ತಗ್ಗುತ್ತದೆ, ಎಳೆಯುವ ವಿದ್ಯುತ್ ಹೆಚ್ಚುತ್ತದೆ, ತಂಪುಗೊಳಿಸುವ ಫ್ಯಾನಿನ ಗಾಳಿ ಕಡಿಮೆಯಾಗುತ್ತದೆ. ಸುರುಳಿಯ ಮೇಲಿನ ಲೇಪ ಸುಡುವುದು ಆಗಲೇ. ನಮ್ಮ ಕಡೆಯ ಲೋ ವೋಲ್ಟೇಜಿನಲ್ಲಿ ಡ್ರಿಲ್ಲಿನ ಶಕ್ತಿ ಕುಂದುತ್ತದೆ. ನಾವು ಇನ್ನಷ್ಟು ಒತ್ತುತ್ತೇವೆ. ಜೊತೆಗೆ ಮಳೆಗಾಲದ ತೇವವೂ ಸೇರುತ್ತದೆ. ಆದುದರಿಂದ ಎಲ್ಲ ತಪ್ಪನ್ನೂ ಅಗ್ಗದ ಯಂತ್ರದ ಮೇಲೆ ಹೊರಿಸುವುದು ನ್ಯಾಯವಲ್ಲ. ನನ್ನ ಮೊದಲನೆಯ ಡ್ರಿಲ್ ಕಾಂಕ್ರೀಟ್ ಕಂಬವನ್ನು ಕೊರೆಯಹೋಗಿ ಸುಟ್ಟಿತು. ಅದು ಆ ಕೆಲಸಕ್ಕೆ ತಕ್ಕ ಯಂತ್ರವೇ ಆಗಿರಲಿಲ್ಲ.

ಇಲ್ಲಿಗೆ ಸಮೀಪದ ಕಾರ್ಕಳದಲ್ಲಿ 1432ರಲ್ಲಿ ನಿಂತ ಬಾಹುಬಲಿಯ ಕಲ್ಲು ಬೇರೆ, ನಮ್ಮ ಮನೆಗಳ ಗೋಡೆಯ ಮುರಕಲ್ಲು ಬೇರೆ. ಮುರಕಲ್ಲಿಗೆ ಮತ್ತು ಮರಕ್ಕೆ ಸಾಧಾರಣ ಡ್ರಿಲ್ ಸಾಕು. ಕಾಂಕ್ರೀಟಿಗೂ ಕರಿಕಲ್ಲಿಗೂ ರೋಟರಿ ಹ್ಯಾಮರ್ ಬೇಕು. ಕೊಳ್ಳುವ ಮುನ್ನ ಕೇಳಬೇಕಾದ ಮೊದಲ ಪ್ರಶ್ನೆ, ನಾನು ಏನನ್ನು ಕೊರೆಯುತ್ತೇನೆ, ವರ್ಷಕ್ಕೆ ಎಷ್ಟು ಗಂಟೆ ಎಂಬುದು.

ಹಾಗಾದರೆ ಹೆಸರಾಂತ ಕಂಪನಿಯದೇ ಒಳ್ಳೆಯದೇ? ಹೆಸರೊಂದೇ ಭರವಸೆಯಲ್ಲ. ಬಾಷ್ ಸಂಸ್ಥೆಯೇ ಹವ್ಯಾಸಿಗಳಿಗೆ ಹಸಿರು, ವೃತ್ತಿಪರರಿಗೆ ನೀಲಿ ಬಣ್ಣದ ಯಂತ್ರಗಳನ್ನು ಬೇರೆಬೇರೆಯಾಗಿ ತಯಾರಿಸುತ್ತದೆ. ಹೆಸರು ಒಂದೇ ಆದರೂ ಬಳಕೆಯ ಉದ್ದೇಶ ಒಂದೇ ಅಲ್ಲ. ದೊಡ್ಡ ಹೆಸರಿನ ಯಂತ್ರಕ್ಕೂ ಬಿಡಿಭಾಗ ಸಿಗದೆ ಹೋದರೆ ಅದೂ ಗುಜರಿಯೇ. ಆದುದರಿಂದ ನನ್ನ ಸಲಹೆ ಇಷ್ಟು: ಮಾರುವ ಅಂಗಡಿಗೆ ಹೋಗುವ ಮೊದಲು ರಿಪೇರಿಯವರ ಬಳಿಗೆ ಹೋಗಿರಿ. ಯಾವ ಮಾದರಿಗೆ ಕಾರ್ಬನ್, ಸ್ವಿಚ್, ಆರ್ಮೇಚರ್ ಮೂರೂ ಸಿಗುತ್ತವೆ ಎಂದು ವಿಚಾರಿಸಿರಿ. ಅವರು ಹೇಳಿದ್ದನ್ನೇ ಕೊಳ್ಳಿರಿ. ತಯಾರಕರ ಅಥವಾ ಆಮದುದಾರರ ಹೆಸರು, ವಿಳಾಸ ಪೊಟ್ಟಣದ ಮೇಲಿದೆಯೇ ನೋಡಿರಿ, ಬಿಲ್ ಪಡೆಯಿರಿ.

ಪರಿಸರದ ಸಭೆಯಲ್ಲಿ ಈ ಅಂಗಡಿಯ ಮಾತೇಕೆ ಎಂದು ಕೇಳಬಹುದು. ಘಟ್ಟದ ಮೇಲಿನ ಕುದುರೆಮುಖವನ್ನು ನಾವು ಮರೆತಿಲ್ಲ. ಭದ್ರೆ ಹುಟ್ಟುವ ಬೆಟ್ಟಗಳಲ್ಲಿ ಕಬ್ಬಿಣದ ಅದಿರನ್ನು ಅಗೆದು, ಪುಡಿಮಾಡಿ, ನೀರಿನೊಡನೆ 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಮಂಗಳೂರಿಗೆ ಹರಿಸಲಾಗುತ್ತಿತ್ತು. ಸುಪ್ರೀಂ ಕೋರ್ಟ್ 2002ರ ಅಕ್ಟೋಬರ್ 30ರಂದು ನೀಡಿದ ತೀರ್ಪಿನಂತೆ 2005ರ ಕೊನೆಗೆ ಗಣಿ ನಿಂತಿತು. ಲಕ್ಯಾ ಅಣೆಕಟ್ಟಿನ ಹಿಂದೆ ಅದರ ಹೂಳು ಇಂದಿಗೂ ನಿಂತಿದೆ. ನಮ್ಮ ಬೆಟ್ಟವೇನೋ ಉಳಿಯಿತು. ಆದರೆ ಎರಡು ವರ್ಷಕ್ಕೊಂದು ಡ್ರಿಲ್ ಎಸೆಯುವ ನಮಗಾಗಿ ಕಬ್ಬಿಣವನ್ನೂ ತಾಮ್ರವನ್ನೂ ಇನ್ನಾರದೋ ಬೆಟ್ಟದಿಂದ ಅಗೆಯುತ್ತಾರೆ. ಗಣಿಯನ್ನು ವಿರೋಧಿಸಿದವರಿಗೆ ವಸ್ತುವನ್ನು ಬಾಳಿಸುವ ಹೊಣೆಯೂ ಇದೆ.

ಸುಟ್ಟ ಡ್ರಿಲ್ಲನ್ನು ತೋಡಿಗೆ ಎಸೆಯಬೇಡಿರಿ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಡ್ರಿಲ್‌ಗಳಂತಹ ವಿದ್ಯುತ್ ಉಪಕರಣಗಳೂ ಸೇರಿವೆ. ಮರುಬಳಕೆಯ ಹೊಣೆಯನ್ನು ಉತ್ಪಾದಕರ ಮೇಲೆ ಹೊರಿಸಲಾಗಿದೆ. ವಿಳಾಸವೇ ಇಲ್ಲದ ಯಂತ್ರದ ಹೊಣೆಯನ್ನು ಯಾರಲ್ಲಿ ಕೇಳುವುದು?

ಬೆಲೆಯ ಮಾತನ್ನು ನಾನು ಹಗುರವಾಗಿ ಕಾಣುವುದಿಲ್ಲ. ಹೊಸದಾಗಿ ಕೆಲಸಕ್ಕಿಳಿಯುವ ಹುಡುಗನೊಬ್ಬ ಕೈಲಾದಷ್ಟು ಹಣದಲ್ಲಿ ಅಗ್ಗದ್ದನ್ನು ಕೊಂಡರೆ ಅವನನ್ನು ದೂರಲಾಗದು. ನಮ್ಮಂತಹ ಮನೆಗಳಿಗೆ ಮಾತ್ರ ಇನ್ನೊಂದು ದಾರಿಯಿದೆ. ಲೆಕ್ಕಕ್ಕಾಗಿ ಹೀಗೆ ಇಟ್ಟುಕೊಳ್ಳೋಣ: ಆರು ಮನೆಗಳು ತಲಾ 1,500 ರೂಪಾಯಿಯ ಡ್ರಿಲ್ ಕೊಂಡರೆ ಒಟ್ಟು 9,000 ರೂಪಾಯಿ. ಅದೇ ಆರು ಮನೆಗಳು ಕೂಡಿ 6,000 ರೂಪಾಯಿಯ ಒಳ್ಳೆಯದೊಂದನ್ನು ಕೊಂಡರೆ ತಲಾ 1,000 ರೂಪಾಯಿ. ಉಳಿದುದರಲ್ಲಿ ಕಾರ್ಬನ್ನೂ ಬಿಟ್ಟುಗಳೂ ಬರುತ್ತವೆ. ಒಂದು ಪುಸ್ತಕದಲ್ಲಿ ಒಯ್ದವರ ಹೆಸರು, ದಿನ ಬರೆದಿಟ್ಟರೆ ಜಗಳವಿಲ್ಲ. ಮುಯ್ಯಾಳಿನ ಪದ್ಧತಿಯಲ್ಲಿ ದುಡಿಮೆಯನ್ನೇ ಹಂಚಿಕೊಂಡ ನಮ್ಮ ಜನರಿಗೆ ಯಂತ್ರವೊಂದನ್ನು ಹಂಚಿಕೊಳ್ಳುವುದು ಕಷ್ಟವಲ್ಲ.

ನಮ್ಮ ನೆರೆಯ ಮೂರು ಮನೆಗಳು ಹೀಗೆ ಮಾಡಲು ಒಪ್ಪಿವೆ. ಮುಂದಿನ ಮಳೆಗಾಲದ ನಂತರ ಅದರ ಫಲವನ್ನು ತಮ್ಮ ಮುಂದೆ ಹೇಳುತ್ತೇನೆ. ಅಲ್ಲಿಯವರೆಗೆ, ತಮ್ಮ ಅಟ್ಟದಲ್ಲಿ ಕೆಟ್ಟ ಡ್ರಿಲ್ ಇದ್ದರೆ ಹೊಸತನ್ನು ಕೊಳ್ಳುವ ಮುನ್ನ ಒಮ್ಮೆ ಕೆಳಗಿಳಿಸಿ ಕಾರ್ಬನ್ ನೋಡಿಸಿರಿ. ಅಷ್ಟರಿಂದಲೇ ಅದು ಮತ್ತೆ ತಿರುಗಿದರೂ ತಿರುಗೀತು.